ಅಮೀರಬಾಯಿ ಕರ್ನಾಟಕಿ

ಅಮೀರಬಾಯಿ ಕರ್ನಾಟಕಿ (ಸು. 1906–1965) ಹಿಂದಿ ವಾಕ್ಚಿತ್ರಗಳ ಮೊದಲ ತಲೆಮಾರಿನ ಗಾಯಕಿ, ನಟಿ. ಈಗಿನ ಬಾಗಲಕೋಟೆ ಜಿಲ್ಲೆಯ ಬೀಳಗಿಯಲ್ಲಿ ಹುಟ್ಟಿದ ಅವರು ಹದಿಹರೆಯದಲ್ಲೇ ಮುಂಬೈ ಸೇರಿದರು. 1934ರಲ್ಲಿ ತೆರೆಗೆ ಬಂದರು. 1943ರ ‘ಕಿಸ್ಮತ್’ ಚಿತ್ರದ ಹೊತ್ತಿಗೆ ಕರಾಚಿಯಿಂದ ಕಲ್ಕತ್ತದವರೆಗೆ ಅವರ ದನಿ ಗೊತ್ತಿಲ್ಲದ ಹೋಟೆಲು, ಗ್ರಾಮಫೋನ್ ಅಂಗಡಿ ಇರಲಿಲ್ಲ ಎನ್ನಬಹುದು. ಅಲ್ಲಿಂದ ಆರೇಳು ವರ್ಷ ಕಳೆಯುವುದರೊಳಗೆ ಸಿನಿಮಾ ಹಾಡಿನ ರುಚಿಯೇ ಬದಲಾಗಿ, ಅದೇ ದನಿ ಹಳತೆನಿಸಿಕೊಂಡಿತು. ಅವರ ಏರಿಕೆಗೂ ಇಳಿಕೆಗೂ ಕಾರಣ ಒಂದೇ. ಅದು ನಾಟಕ ಕಂಪನಿಗಳ ಕಾಲದ ಕಂಠ.

ಬೀಳಗಿ ಆಗ ಬಿಜಾಪುರ ಜಿಲ್ಲೆಗೆ, ಬಿಜಾಪುರ ಜಿಲ್ಲೆ ಮುಂಬೈ ಪ್ರಾಂತ್ಯಕ್ಕೆ ಸೇರಿತ್ತು. ಕಚೇರಿಯ ಕೆಲಸಕ್ಕಾಗಲಿ, ಕಾಲೇಜಿಗಾಗಲಿ, ಹೊಟ್ಟೆಪಾಡಿಗಾಗಲಿ ಅಲ್ಲಿನ ಜನ ಮುಖ ಮಾಡುತ್ತಿದ್ದುದು ಪುಣೆ, ಮುಂಬೈ ಕಡೆಗೆ. ಬೆಂಗಳೂರು, ಮೈಸೂರು ಅವರಿಗೆ ಬೇರೆ ರಾಜ್ಯದ ಊರುಗಳು. ಹಾಡುಗಾರಿಕೆಯ ದಾರಿಯೂ ಅದೇ ಆಗಿತ್ತು. ಐವರು ಅಕ್ಕತಂಗಿಯರಿದ್ದ ಸಾಧಾರಣ ಮುಸ್ಲಿಂ ಕುಟುಂಬದಲ್ಲಿ ಅಮೀರಬಾಯಿ ಮತ್ತು ಅವರ ಅಕ್ಕ ಗೋಹರಬಾಯಿ ಇಬ್ಬರೂ ಹಾಡಿನ ಬೆನ್ನು ಹತ್ತಿ ಹೆಸರು ಮಾಡಿದರು. ಅಮೀರಬಾಯಿ ಮೆಟ್ರಿಕ್‌ವರೆಗೆ ಓದಿದ್ದರು. ಆ ಕಾಲದಲ್ಲಿ ಆ ಊರಿನ ಒಬ್ಬ ಹುಡುಗಿಗೆ ಅದು ಸಣ್ಣ ಮಾತಲ್ಲ. ಬೀಳಗಿಯ ಕನ್ನಡ, ದಖನಿ ಉರ್ದು, ರಂಗದ ಮರಾಠಿ ಇವೆಲ್ಲ ಕಿವಿಗೆ ಬಿದ್ದೇ ಬೆಳೆದವರಾದ್ದರಿಂದ ಮುಂದೆ ಹಿಂದಿ, ಗುಜರಾತಿ ನಾಲಗೆಗೆ ಹತ್ತುವುದು ಕಷ್ಟವಾಗಲಿಲ್ಲ.

ಬಿಜಾಪುರದ ಹೆಸರು ಬಂದ ಕೂಡಲೇ ಆದಿಲ್‌ಶಾಹಿಗಳ ಸಂಗೀತ ಪ್ರೇಮವನ್ನು ನೆನೆಯುವ ರೂಢಿಯಿದೆ. ಎರಡನೇ ಇಬ್ರಾಹಿಂ ಆದಿಲ್‌ಶಾಹ ‘ಕಿತಾಬ್-ಎ-ನೌರಸ್’ ಬರೆದವನು, ಸರಸ್ವತಿಯನ್ನೂ ಬಂದೇನವಾಜರನ್ನೂ ಒಂದೇ ಉಸಿರಿನಲ್ಲಿ ಹಾಡಿದವನು ಎಂಬುದೆಲ್ಲ ನಿಜ. ಆದರೆ 17ನೇ ಶತಮಾನದ ಆ ದರ್ಬಾರಿನಿಂದ ಬೀಳಗಿಯ ಹುಡುಗಿಯೊಬ್ಬಳ ಕಂಠಕ್ಕೆ ನೇರ ಗೆರೆ ಎಳೆಯುವುದು ಅಭಿಮಾನದ ಮಾತಾದೀತು. ಹತ್ತಿರದ ಕಾರಣ ಬೇರೆಯಿದೆ. ಅದು ನಾಟಕ ಕಂಪನಿ.

1843ರಲ್ಲಿ ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆ ಮರಾಠಿಯ ಮೊದಲ ನಾಟಕವಾಡಿಸಲು ಪ್ರೇರಣೆಯಾದದ್ದು ಕನ್ನಡ ಕರಾವಳಿಯಿಂದ ಹೋಗಿದ್ದ ಯಕ್ಷಗಾನ ಮೇಳ. 1880ರಲ್ಲಿ ‘ಶಾಕುಂತಲ’ವನ್ನು ಹಾಡುನಾಟಕ ಮಾಡಿದ ಅಣ್ಣಾಸಾಹೇಬ ಕಿರ್ಲೋಸ್ಕರ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಹೀಗೆ ಇಲ್ಲಿಂದ ಹೋದದ್ದು ಮರಾಠಿಯ ಬಣ್ಣ ಬಳಿದುಕೊಂಡು ಹುಬ್ಬಳ್ಳಿ, ಧಾರವಾಡ, ಬೆಳಗಾವಿಗೆ ಮರಳಿ ಬಂತು. ಮರಾಠಿ ಕಂಪನಿಗಳ ಅಬ್ಬರಕ್ಕೆ ಎದುರಾಗಿ ಗದಗಿನಲ್ಲಿ ಶಾಂತಕವಿಗಳು ಕನ್ನಡ ನಾಟಕ ಮಂಡಳಿ ಕಟ್ಟಿದರು. ಅವರ ಹಿಂದೆ ಕೊಣ್ಣೂರು, ಹಲಗೇರಿ, ವಾಮನರಾವ್ ಮಾಸ್ತರರ ಕಂಪನಿಗಳು ಬಂದವು. ಹಿಂದೂಸ್ತಾನಿ ಗಾಯಕರಾದ ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು ಇಬ್ಬರೂ ಬಾಲ್ಯದಲ್ಲಿ ವಾಮನರಾವ್ ಮಾಸ್ತರರ ಕಂಪನಿಯಲ್ಲಿ ಬಣ್ಣ ಹಚ್ಚಿದವರು. ಹಿಂದೂಸ್ತಾನಿ ಸಂಗೀತದಲ್ಲಿ ಉತ್ತರ ಕರ್ನಾಟಕದ ಹೆಸರು ದೊಡ್ಡದಾಗಲು ಉಸ್ತಾದರು ಎಷ್ಟು ಕಾರಣವೋ ಕಂಪನಿಯ ಪೇಟಿ ಮಾಸ್ತರರೂ ಅಷ್ಟೇ ಕಾರಣ. ಈ ಎರಡನೆಯವರ ಸಾಲ ಇನ್ನೂ ಸರಿಯಾಗಿ ಸಂದಾಯವಾಗಿಲ್ಲ.

ಕಂಪನಿ ನಾಟಕದಲ್ಲಿ ಹಾಡುವವರಿಗೆ ಮೈಕು ಇರಲಿಲ್ಲ. ತಗಡಿನ ಥಿಯೇಟರಿನ ಕೊನೆಯ ಸಾಲಿನಲ್ಲಿ ನೆಲದ ಮೇಲೆ ಕೂತವನ ಕಿವಿಗೂ ಹಾಡಿನ ಅಕ್ಷರ ಬಿಡಿಬಿಡಿಯಾಗಿ ಬೀಳಬೇಕು. ಸ್ವರ ಎದೆಯಿಂದ ಎದ್ದು ಬರಬೇಕು, ಬಾಯಿ ಅಗಲವಾಗಿ ತೆರೆಯಬೇಕು. ‘ವನ್ಸ್ ಮೋರ್’ ಕೂಗು ಬಂದರೆ ಸತ್ತು ಬಿದ್ದ ಪಾತ್ರವೂ ಎದ್ದು ಕೂತು ಮತ್ತೊಮ್ಮೆ ಹಾಡಬೇಕು. ಹಾಡು ಮತ್ತು ಅಭಿನಯ ಬೇರೆ ಬೇರೆ ಕಸುಬುಗಳೆಂಬ ಭಾವನೆಯೇ ಅಲ್ಲಿರಲಿಲ್ಲ. ಹಾಡಲಾರದವರಿಗೆ ನಾಯಕನ ಪಾತ್ರ ಸಿಗುತ್ತಿರಲಿಲ್ಲ, ನಾಯಕಿಯದೂ ಇಲ್ಲ. 1931ರ ಮಾರ್ಚ್ 14ರಂದು ‘ಆಲಂ ಆರಾ’ ತೆರೆಕಂಡು ಸಿನಿಮಾಕ್ಕೆ ಬಾಯಿ ಬಂದಾಗ ಸ್ಟುಡಿಯೋಗಳಿಗೆ ತಕ್ಷಣ ಬೇಕಾದದ್ದು ಇಂಥ ಜನವೇ. ಮೂಕಿಚಿತ್ರಗಳ ಚೆಂದದ ಮುಖಗಳಲ್ಲಿ ಹಲವು ಹಾಡಲು ಬಾರದೆ ಮೂಲೆ ಸೇರಿದವು. ರಂಗದ ಗಾಯಕಿಯರಿಗೆ ಬಾಗಿಲು ತೆರೆಯಿತು.

ಆ ಬಾಗಿಲ ಬಳಿ ಅಮೀರಬಾಯಿಗಿಂತ ಮೊದಲು ನಿಂತವರು ಅಕ್ಕ ಗೋಹರಬಾಯಿ. ಇವರನ್ನು ಇನ್ನಿಬ್ಬರು ಗೋಹರರೊಡನೆ ಬೆರೆಸುವ ತಪ್ಪು ಆಗಾಗ ನಡೆಯುತ್ತದೆ. 1902ರಲ್ಲಿ ಭಾರತದ ಮೊದಲ ಗ್ರಾಮಫೋನ್ ತಟ್ಟೆಗಳಿಗೆ ಹಾಡಿ, ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯದಲ್ಲಿದ್ದು 1930ರಲ್ಲಿ ಅಲ್ಲೇ ತೀರಿಕೊಂಡ ಗೋಹರ್ ಜಾನ್ ಬೇರೆ. ಮುಂಬೈಯ ರಂಜಿತ್ ಸ್ಟುಡಿಯೋದ ತಾರೆ ಗೋಹರ್ ಬೇರೆ. ಬೀಳಗಿಯ ಗೋಹರಬಾಯಿ ಬಾಲಗಂಧರ್ವರ ಹಾಡಿನ ಹುಚ್ಚು ಹಿಡಿಸಿಕೊಂಡು, ಅವರದೇ ತಿರುವು, ಅವರದೇ ಕುಸುರಿಯಲ್ಲಿ ಹಾಡುವುದನ್ನು ರೂಢಿಸಿಕೊಂಡವರು. ಸ್ತ್ರೀಪಾತ್ರಗಳಿಂದ ಮಹಾರಾಷ್ಟ್ರವನ್ನೇ ಮರುಳು ಮಾಡಿದ್ದ ಬಾಲಗಂಧರ್ವರಿಗೆ 1930ರ ದಶಕದ ಕೊನೆಗೆ ವಯಸ್ಸಾಗಿತ್ತು, ಕಂಪನಿ ಸಾಲದಲ್ಲಿತ್ತು. ಆಗ ಗೋಹರಬಾಯಿ ಅವರ ಕಂಪನಿ ಸೇರಿ ನಾಯಕಿಯ ಪಾತ್ರ ವಹಿಸಿದರು, ಬರಬರುತ್ತಾ ಬಾಳ ಸಂಗಾತಿಯಾದರು, 1951ರಲ್ಲಿ ಇಬ್ಬರೂ ವಿವಾಹವಾದರು. ಬಾಲಗಂಧರ್ವರ ಭಕ್ತವರ್ಗ ಈ ಸಂಬಂಧವನ್ನು ಸಹಿಸಲಿಲ್ಲ. ಮರಾಠಿ ಬರವಣಿಗೆಯ ಒಂದು ಭಾಗ ಇಂದಿಗೂ ಗೋಹರಬಾಯಿಯನ್ನು ಬಾಲಗಂಧರ್ವರ ಅವನತಿಗೆ ಹೊಣೆ ಮಾಡುತ್ತದೆ. ಕಾಲು ಸೋತ ಮುದುಕ ಗಾಯಕನನ್ನು ಕೊನೆಯ ವರ್ಷಗಳಲ್ಲಿ ನೋಡಿಕೊಂಡವರು ಯಾರು ಎಂದು ಕೇಳಿದರೆ ಆ ಆರೋಪ ಅಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ. ಗೋಹರಬಾಯಿ 1964ರಲ್ಲಿ, ಬಾಲಗಂಧರ್ವರು 1967ರಲ್ಲಿ ತೀರಿಕೊಂಡರು.

ಹದಿನೈದರ ಹರೆಯದಲ್ಲಿ ಮುಂಬೈಗೆ ಹೋದ ಅಮೀರಬಾಯಿಗೆ ಮೊದಲು ಒಲಿದದ್ದು ಸಿನಿಮಾ ಅಲ್ಲ, ಗ್ರಾಮಫೋನು. ಎಚ್‌ಎಂವಿ ಕಂಪನಿಯ ಪ್ರತಿನಿಧಿಯೊಬ್ಬರು ಇವರ ಹಾಡು ಕೇಳಿ ಒಂದು ಕವ್ವಾಲಿ ಧ್ವನಿಮುದ್ರಿಸಿದರು. ಆ ತಟ್ಟೆ ಚೆನ್ನಾಗಿ ಹೋಯಿತು. 1934ರಲ್ಲಿ ಅಕ್ಕನ ನೆರವಿನಿಂದ ‘ವಿಷ್ಣುಭಕ್ತಿ’ ಚಿತ್ರದಲ್ಲಿ ಪಾತ್ರ ಸಿಕ್ಕಿತು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ಬಿಡುಗಡೆಯಾದದ್ದೂ ಅದೇ ವರ್ಷ, ಮಾರ್ಚ್ 3ರಂದು. ಅದನ್ನು ಚಿತ್ರೀಕರಿಸಿದ್ದು ಕೊಲ್ಹಾಪುರದಲ್ಲಿ. ಬೆಂಗಳೂರಿನ ಬಂಡವಾಳದಾರನ ಕನ್ನಡ ಚಿತ್ರವೇ ಸ್ಟುಡಿಯೋ ಹುಡುಕಿಕೊಂಡು ಮರಾಠಿ ನಾಡಿಗೆ ಹೋಗಬೇಕಿದ್ದ ಕಾಲದಲ್ಲಿ, ಬಿಜಾಪುರ ಜಿಲ್ಲೆಯ ಹಾಡುಗಾರ್ತಿಯೊಬ್ಬರು ಕನ್ನಡ ಸಿನಿಮಾದಲ್ಲೇ ಬಾಳು ಕಟ್ಟಿಕೊಳ್ಳುವ ಮಾತು ಎಲ್ಲಿಂದ ಬರಬೇಕು? ಕನ್ನಡದಲ್ಲಿ ವರ್ಷಕ್ಕೆ ಒಂದೆರಡು ಚಿತ್ರ ಬಂದರೆ ಹೆಚ್ಚು, ಕೆಲವು ವರ್ಷ ಅದೂ ಇಲ್ಲ.

ಮೊದಲ ಆರು ವರ್ಷ ಅಮೀರಬಾಯಿ ಅಂಥ ದೊಡ್ಡ ಹೆಸರೇನೂ ಮಾಡಲಿಲ್ಲ. ಆಗಿನ ಪದ್ಧತಿಯಂತೆ ತಾವೇ ಅಭಿನಯಿಸಿ ತಾವೇ ಹಾಡುವ ಪಾತ್ರಗಳು, ಬಹುಮಟ್ಟಿಗೆ ಎರಡನೇ ಸಾಲಿನವು. ಈ ಚಿತ್ರಗಳಲ್ಲಿ ಹೆಚ್ಚಿನವು ಈಗ ನೋಡಲು ಸಿಗುವುದಿಲ್ಲ, ಆ ದಶಕದ ಪ್ರಿಂಟುಗಳು ಹಾಳಾಗಿ ಹೋಗಿವೆ. ಜನ ತಿರುಗಿ ನೋಡುವಂತಾದದ್ದು 1940ರ ‘ನರಸೀ ಭಗತ್’ ಚಿತ್ರದಿಂದ. ವಿಜಯ್ ಭಟ್ ನಿರ್ದೇಶನದ ಈ ಚಿತ್ರದಲ್ಲಿ ಗುಜರಾತದ ಸಂತಕವಿ ನರಸಿಂಹ ಮೆಹತಾ ಪಾತ್ರ ವಿಷ್ಣುಪಂತ ಪಾಗ್ನೀಸರದು. ರಂಗಭೂಮಿಯಲ್ಲಿ ಸ್ತ್ರೀಪಾತ್ರಗಳನ್ನು ಮಾಡಿ, ಪ್ರಭಾತ್ ಕಂಪನಿಯ ‘ಸಂತ ತುಕಾರಾಮ’ದಿಂದ ಸಂತನಾಗಿಯೇ ಜನರ ಮನಸ್ಸಿನಲ್ಲಿ ಉಳಿದ ನಟ ಅವರು. ‘ವೈಷ್ಣವ ಜನತೋ’ ಭಜನೆಯನ್ನು ಅವರೊಡನೆ ಅಮೀರಬಾಯಿ ಹಾಡಿದರು.

ಗಾಂಧೀಜಿ ಈ ಹಾಡಿನಿಂದಾಗಿ ಅಮೀರಬಾಯಿಯ ಅಭಿಮಾನಿಯಾದರು ಎಂಬ ಮಾತನ್ನು ಅವರ ಬಗೆಗಿನ ಪ್ರತಿಯೊಂದು ಬರಹವೂ ಹೇಳುತ್ತದೆ. ಭಜನೆಯಂತೂ ಗಾಂಧೀಜಿಯ ಆಶ್ರಮಗಳಲ್ಲಿ ಈ ಚಿತ್ರಕ್ಕಿಂತ ಬಹಳ ಮೊದಲಿನಿಂದಲೂ ನಡೆದುಕೊಂಡು ಬಂದಿತ್ತು. ಸಿನಿಮಾ ಎಂದರೆ ದೂರ ಇರುತ್ತಿದ್ದ ಗಾಂಧೀಜಿ ನೋಡಿದ ಒಂದೇ ಹಿಂದಿ ಚಿತ್ರ ‘ರಾಮರಾಜ್ಯ’, ಅದನ್ನು ನಿರ್ದೇಶಿಸಿದವರೂ ಇದೇ ವಿಜಯ್ ಭಟ್. ಪ್ರಾರ್ಥನಾ ಸಭೆಯ ಭಜನೆಯೊಂದು ಬೀಳಗಿಯ ಮುಸ್ಲಿಂ ಗಾಯಕಿಯ ಕಂಠದಲ್ಲಿ ತಟ್ಟೆಯಾಗಿ ಅಂಗಡಿಗಳಲ್ಲಿ ಮಾರಾಟವಾಯಿತೆಂಬುದು ಇಲ್ಲಿ ಗಮನಿಸಬೇಕಾದ ಸಂಗತಿ. ಆಗ ಯಾರಿಗೂ ಅದು ವಿಶೇಷವೆನಿಸಿರಲಿಲ್ಲ. ಕಂಪನಿ ನಾಟಕದಲ್ಲಿ ಸೀತೆಯನ್ನೋ ದ್ರೌಪದಿಯನ್ನೋ ಯಾವ ಜಾತಿಯವರು ಹಾಡುತ್ತಿದ್ದಾರೆಂದು ಟಿಕೆಟ್ ಕೊಂಡವರು ಕೇಳುತ್ತಿರಲಿಲ್ಲ, ಸ್ವರ ನಿಂತಿತೋ ಇಲ್ಲವೋ ಎಂದಷ್ಟೇ ನೋಡುತ್ತಿದ್ದರು.

1943ರ ಜನವರಿಯಲ್ಲಿ ಬಾಂಬೆ ಟಾಕೀಸಿನ ‘ಕಿಸ್ಮತ್’ ಬಂತು. ಜ್ಞಾನ್ ಮುಖರ್ಜಿ ನಿರ್ದೇಶನ, ಜೇಬುಗಳ್ಳನ ಪಾತ್ರದಲ್ಲಿ ಅಶೋಕ್ ಕುಮಾರ್, ನಾಯಕಿ ಮುಮ್ತಾಜ್ ಶಾಂತಿ, ಪ್ರದೀಪರ ಸಾಹಿತ್ಯ, ಅನಿಲ್ ವಿಶ್ವಾಸರ ಸಂಗೀತ. ಕಲ್ಕತ್ತದ ರಾಕ್ಸಿ ಚಿತ್ರಮಂದಿರದಲ್ಲಿ ಈ ಚಿತ್ರ ಮೂರು ವರ್ಷಕ್ಕೂ ಮೇಲೆ ಓಡಿತು. ಆ ದಾಖಲೆ ಮುರಿಯಲು 1975ರ ‘ಶೋಲೆ’ ಬರಬೇಕಾಯಿತು.

ಚಿತ್ರದ ನಾಯಕಿ ರಾಣಿ ಕಾಲು ಊನವಾದ ರಂಗಗಾಯಕಿ. ಅವಳ ತಂದೆ ಒಂದು ಕಾಲಕ್ಕೆ ನಾಟಕ ಥಿಯೇಟರಿನ ಮಾಲೀಕನಾಗಿದ್ದು ಈಗ ದಿವಾಳಿ ಎದ್ದವನು. ಕಂಪನಿ ನಾಟಕದ ಏಳುಬೀಳು ಕಂಡ ಯಾರಿಗೂ ಈ ಕತೆ ಹೊಸದಲ್ಲ, ಹುಬ್ಬಳ್ಳಿ ಗದಗಿನಲ್ಲಿ ಇಂಥ ಮಾಲೀಕರು ಬೇಕಾದಷ್ಟು ಮಂದಿ ಇದ್ದರು. ಬಾಂಬೆ ಟಾಕೀಸಿನ ಹಿಂದಿನ ನಾಯಕಿಯರಾದ ದೇವಿಕಾ ರಾಣಿ, ಲೀಲಾ ಚಿಟ್ನಿಸ್ ತಮ್ಮ ಹಾಡನ್ನು ತಾವೇ ಹಾಡಿಕೊಳ್ಳುತ್ತಿದ್ದವರು. ಮುಮ್ತಾಜ್ ಶಾಂತಿಗೆ ಹಾಡಲು ಬೇರೆ ದನಿ ಬೇಕಾಯಿತು. ತೆರೆಯ ಮೇಲೆ ಒಬ್ಬ ರಂಗಗಾಯಕಿ ಹಾಡುವಾಗ ಪ್ರೇಕ್ಷಕ ನಂಬಬೇಕಾದರೆ ದನಿಯಲ್ಲಿ ರಂಗದ ಎತ್ತರ ಇರಬೇಕು. ಅಮೀರಬಾಯಿಯ ಆಯ್ಕೆಗೆ ಬೇರೆ ಕಾರಣ ಹುಡುಕುವ ಅಗತ್ಯವಿಲ್ಲ. ಸಂಗೀತ ನಿರ್ದೇಶಕ ಅನಿಲ್ ವಿಶ್ವಾಸರೂ ಕಲ್ಕತ್ತದ ರಂಗಮಂದಿರದಲ್ಲಿ ಪಳಗಿ ಬಂದವರೇ. ತಮ್ಮ ತಂಗಿ, ಕೊಳಲುವಾದಕ ಪನ್ನಾಲಾಲ್ ಘೋಷರ ಹೆಂಡತಿ ಪಾರುಲ್ ಘೋಷರಿಗೆ ಒಂದು ಹಾಡು ಕೊಟ್ಟು, ಚಿತ್ರದ ಹೆಚ್ಚಿನ ಹಾಡುಗಳನ್ನು ಅವರು ಅಮೀರಬಾಯಿಗೆ ಒಪ್ಪಿಸಿದರು.

ಅವುಗಳಲ್ಲಿ ಒಂದು, ಹೊರಗಿನವರನ್ನು ಹಿಂದೂಸ್ತಾನದಿಂದ ದೂರ ಸರಿಯಿರೆಂದು ಗದರುವ ವೃಂದಗೀತೆ. ಖಾನ್ ಮಸ್ತಾನಾ ಮತ್ತು ಮೇಳದೊಂದಿಗೆ ಅಮೀರಬಾಯಿ ಹಾಡಿದ ಇದು ತೆರೆಯ ಮೇಲೆ ನಾಟಕದ ಒಂದು ದೃಶ್ಯವಾಗಿ ಬರುತ್ತದೆ. ಹಾಡಿನಲ್ಲಿ ಶತ್ರುಗಳೆಂದು ಹೆಸರಿಸಿದ್ದು ಜರ್ಮನರನ್ನು, ಜಪಾನೀಯರನ್ನು. ಮಹಾಯುದ್ಧದ ನಡುವೆ ಬ್ರಿಟಿಷರ ಸೆನ್ಸಾರಿಗೆ ಅದರಲ್ಲಿ ಆಕ್ಷೇಪಿಸಲು ಏನೂ ಕಾಣಲಿಲ್ಲ. ‘ಭಾರತ ಬಿಟ್ಟು ತೊಲಗಿ’ ಚಳವಳಿ ಎದ್ದು ಆರು ತಿಂಗಳೂ ಆಗಿರಲಿಲ್ಲ, ನಾಯಕರೆಲ್ಲ ಜೈಲಿನಲ್ಲಿದ್ದರು. ಯಾರಿಗೆ ತೊಲಗಿ ಎನ್ನುತ್ತಿದ್ದಾರೆಂದು ಪ್ರೇಕ್ಷಕರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಚಿತ್ರಮಂದಿರಗಳಲ್ಲಿ ಜನ ಎದ್ದು ನಿಂತು ರೀಲು ಹಿಂದಕ್ಕೆ ಸುತ್ತಿಸಿ ಮತ್ತೆ ಮತ್ತೆ ಹಾಡು ಹಾಕಿಸಿಕೊಂಡರು. ಕಂಪನಿಯ ‘ವನ್ಸ್ ಮೋರ್’ ಟಾಕೀಸಿಗೂ ಬಂದಂತಾಯಿತು. ಸರಕಾರಕ್ಕೆ ತಡವಾಗಿ ಅರ್ಥವಾಗಿ ಕವಿ ಪ್ರದೀಪರು ಬಂಧನ ತಪ್ಪಿಸಿಕೊಳ್ಳಲು ಕೆಲಕಾಲ ತಲೆಮರೆಸಿಕೊಳ್ಳಬೇಕಾಯಿತು. ಬರೆದವರ ಹೆಸರು ಈ ಕತೆಯೊಂದಿಗೆ ಗಟ್ಟಿಯಾಗಿ ಉಳಿದಿದೆ, ಹಾಡಿದವರ ಹೆಸರು ಅಷ್ಟು ಉಳಿದಿಲ್ಲ.

ಇಂಥ ಹುರುಪಿನ ಹಾಡೊಂದೇ ಆಗಿದ್ದರೆ ಅಮೀರಬಾಯಿಯನ್ನು ಗಟ್ಟಿ ಗಂಟಲಿನವರೆಂದು ಹೇಳಿ ಮುಗಿಸಬಹುದಿತ್ತು. ಅದೇ ಚಿತ್ರದಲ್ಲಿ ಕೃಷ್ಣನನ್ನು ಮೊರೆಹೋಗುವ ಭಜನೆಯಿದೆ, ದೀಪಾವಳಿಯ ರಾತ್ರಿ ತನ್ನ ಮನೆಯಲ್ಲಷ್ಟೇ ಕತ್ತಲೆಯೆಂದು ಕೊರಗುವ ಹಾಡಿದೆ, ಮೋಡವನ್ನು ಮೆಲ್ಲಗೆ ಬರಹೇಳುವ ಜೋಗುಳದಂಥ ಯುಗಳಗೀತೆಯಿದೆ. ಕೊನೆಯದರಲ್ಲಿ ದನಿಯನ್ನು ಪಿಸುಮಾತಿನ ಮಟ್ಟಕ್ಕೆ ಇಳಿಸಿಯೂ ಒಂದು ಅಕ್ಷರ ನುಂಗದೆ ಹಾಡುತ್ತಾರೆ. ಮೈಕಿನ ಗುಟ್ಟು ಅವರಿಗೆ ಗೊತ್ತಿರಲಿಲ್ಲವೆಂದು ಆಮೇಲಿನವರು ಆಡಿದ ಮಾತಿಗೆ ಈ ಒಂದು ಹಾಡೇ ಉತ್ತರ.

ಅಲ್ಲಿಂದ ನಾಲ್ಕೈದು ವರ್ಷ ಅವರಿಗೆ ಬಿಡುವಿರಲಿಲ್ಲ. 1944ರ ‘ರತನ್’ ನೌಶಾದರನ್ನು ದೇಶದ ಮುಂಚೂಣಿಯ ಸಂಗೀತ ನಿರ್ದೇಶಕರನ್ನಾಗಿ ಮಾಡಿದ ಚಿತ್ರ. ಅದರಲ್ಲಿ ಜೊಹ್ರಾಬಾಯಿ ಅಂಬಾಲೆವಾಲಿಯದೇ ಮೇಲುಗೈಯಾದರೂ ಅಗಲಿಕೆಯ ಹಾಡನ್ನು ಅಮೀರಬಾಯಿ ಹಾಡಿದರು. ಅದೇ ವರ್ಷ ಖೇಮಚಂದ್ ಪ್ರಕಾಶರ ಸಂಗೀತದ ‘ಭರ್ತೃಹರಿ’ಯಲ್ಲಿ, ಜೋಗಿಯಾದ ರಾಜ ತನ್ನ ರಾಣಿ ಪಿಂಗಳೆಯ ಬಾಗಿಲಿಗೇ ಭಿಕ್ಷೆಗೆ ಬರುವ ಸನ್ನಿವೇಶಕ್ಕೆ ಸುರೇಂದ್ರರೊಡನೆ ಹಾಡಿದ ಯುಗಳಗೀತೆ ಬಹಳ ಕಾಲ ಬೀದಿಯ ಹಾಡುಗಾರರ ಬಾಯಲ್ಲಿತ್ತು. 1946ರ ಗುಜರಾತಿ ಚಿತ್ರ ‘ರಾಣಕದೇವಿ’ ನಿರೂಪಾ ರಾಯ್ ಅವರ ಮೊದಲ ಚಿತ್ರವೆಂದು ಹೆಸರಾದದ್ದು. ಅದರಲ್ಲಿ ಅಮೀರಬಾಯಿ ಹಾಡಿದ, ತನ್ನ ಹಳ್ಳಿಗೆ ಬಾ ಎಂದು ಕರೆಯುವ ಹಾಡನ್ನು ಗುಜರಾತಿಗರು ಈಗಲೂ ತಮ್ಮದೇ ಜನಪದವೆಂಬಂತೆ ಹಾಡಿಕೊಳ್ಳುತ್ತಾರೆ. 1947ರ ‘ಶಹನಾಯಿ’ಯಲ್ಲಿ ಸಿ. ರಾಮಚಂದ್ರರು ಅವರಿಂದ ಇನ್ನೊಂದು ಬಗೆಯ, ಕುಣಿತದ ಲಯದ ಹಾಡು ಹಾಡಿಸಿದರು. ಭಜನೆ, ವಿರಹ, ಕವ್ವಾಲಿ, ಕುಣಿತ ಯಾವುದಕ್ಕೂ ಅವರು ಬೇಡ ಎನ್ನಲಿಲ್ಲ. ಎಲ್ಲವೂ ಒಂದೇ ಮಟ್ಟದಲ್ಲಿವೆ ಎನ್ನುವುದು ಸುಳ್ಳಾದೀತು. ಹಗುರ ಹಾಡುಗಳಲ್ಲಿ ಅವರ ಸ್ವರ ಬೇಕಾದ್ದಕ್ಕಿಂತ ತೂಕವಾಗಿ ಕೇಳುತ್ತದೆ.

1948ರಲ್ಲಿ ‘ಶಹನಾಜ್’ ಚಿತ್ರಕ್ಕೆ ಅವರೇ ಸಂಗೀತ ನಿರ್ದೇಶನ ಮಾಡಿದರು. ಹೆಂಗಸರು ಹಾಡಬಹುದು, ರಾಗ ಕೂಡಿಸುವುದು ಮಾತ್ರ ಗಂಡಸರ ಕೆಲಸ ಎಂದಿದ್ದ ಉದ್ಯಮದಲ್ಲಿ ಅವರಿಗಿಂತ ಮೊದಲು ಈ ಕೆಲಸಕ್ಕೆ ಕೈ ಹಾಕಿದವರು ಜದ್ದನ್‌ಬಾಯಿ, ಬಾಂಬೆ ಟಾಕೀಸಿನ ಸರಸ್ವತಿ ದೇವಿ ಮೊದಲಾದ ಕೆಲವೇ ಮಂದಿ. ಅಮೀರಬಾಯಿಯ ಈ ಪ್ರಯೋಗ ಮುಂದುವರಿಯಲಿಲ್ಲ.

ಸಂಸಾರದಲ್ಲಿ ಅವರಿಗೆ ಸುಖ ಸಿಕ್ಕಿದ್ದು ತಡವಾಗಿ. ಖಳನ ಪಾತ್ರಗಳಿಗೆ ಹೆಸರಾಗಿದ್ದ ನಟ ಹಿಮಾಲಯವಾಲಾ ಮೊದಲ ಪತಿ. ಅಫ್ಜಲ್ ಖುರೇಷಿ ಎಂಬುದು ಅವರ ನಿಜ ಹೆಸರು. ಆ ದಾಂಪತ್ಯ ಹೊಡೆತ ಬಡಿತದ್ದಾಗಿತ್ತು, ವಿಚ್ಛೇದನದಲ್ಲಿ ಕೊನೆಗೊಂಡಿತು. ದೇಶ ವಿಭಜನೆಯಾದಾಗ ಹಿಮಾಲಯವಾಲಾ ಪಾಕಿಸ್ತಾನಕ್ಕೆ ಹೋಗಿ ಲಾಹೋರಿನ ಚಿತ್ರಗಳಲ್ಲಿ ನೆಲೆ ಕಂಡುಕೊಂಡರು. ಅಮೀರಬಾಯಿ ಹೋಗಲಿಲ್ಲ. ನೂರ್‌ಜಹಾನ್, ಖುರ್ಷೀದರಂಥ ದೊಡ್ಡ ಗಾಯಕಿ-ನಟಿಯರು ಗಡಿ ದಾಟುತ್ತಿದ್ದ ಹೊತ್ತಿನಲ್ಲಿ ಅವರು ಮುಂಬೈಯಲ್ಲೇ ಉಳಿದರು. ಆಮೇಲೆ ‘ಪಾರಸ್’ ಪತ್ರಿಕೆಯ ಸಂಪಾದಕ ಬದ್ರಿ ಕಾಂಚವಾಲಾ ಅವರನ್ನು ಮದುವೆಯಾದರು. ಈ ಎರಡನೆಯ ಸಂಸಾರ ನೆಮ್ಮದಿಯದು.

1947ರಿಂದ 1949ರ ನಡುವಿನ ಎರಡು ವರ್ಷಗಳಲ್ಲಿ ಸಿನಿಮಾ ಸಂಗೀತದ ನಕ್ಷೆಯೇ ತಿರುಗಿತು. 1947ರ ಜನವರಿಯಲ್ಲಿ ಗಾಯಕ-ನಟ ಸೈಗಲ್ ತೀರಿಕೊಂಡರು. ನೂರ್‌ಜಹಾನ್ ದೇಶ ಬಿಟ್ಟರು. 1949ರಲ್ಲಿ ‘ಮಹಲ್’, ‘ಬರಸಾತ್’, ‘ಅಂದಾಜ್’ ಸಾಲಾಗಿ ಬಂದು ಲತಾ ಮಂಗೇಶ್ಕರ್ ಎಂಬ ಇಪ್ಪತ್ತರ ಹುಡುಗಿಯ ಸಣ್ಣ, ತೆಳು, ಎತ್ತರದ ಸ್ವರ ಎಲ್ಲರಿಗೂ ಬೇಕಾಯಿತು. ‘ಮಹಲ್’ನ ಹೆಸರಾಂತ ಹಾಡಿನ ತಟ್ಟೆಯ ಮೇಲೆ ಗಾಯಕಿಯ ಹೆಸರು ಇರಬೇಕಾದ ಕಡೆ ಮೊದಲು ಅಚ್ಚಾಗಿದ್ದದ್ದು ಚಿತ್ರದ ಪಾತ್ರದ ಹೆಸರು, ‘ಕಾಮಿನಿ’. ಹಾಡುವವಳು ಬೇರೆ, ನಟಿಸುವವಳು ಬೇರೆ ಎಂಬ ಏರ್ಪಾಟು ಬಲಿತಂತೆಲ್ಲ ದನಿಗೆ ಇರಬೇಕಾದ ಗುಣವೂ ಬದಲಾಯಿತು. ಯಾವ ನಾಯಕಿಯ ತುಟಿಗೆ ಬೇಕಾದರೂ ಅಂಟುವ ಸ್ವರ ಬೇಕಾಗಿತ್ತು. ಅಮೀರಬಾಯಿ, ಜೊಹ್ರಾಬಾಯಿ, ರಾಜಕುಮಾರಿಯವರ ಸ್ವರಗಳಿಗೆ ತಮ್ಮದೇ ವಯಸ್ಸಿತ್ತು, ಊರಿತ್ತು, ಮೈಯಿತ್ತು. ಹದಿನೆಂಟರ ಮುದ್ದು ಮು‍ಖಕ್ಕೆ ಅವು ಹೊಂದಲಿಲ್ಲ. 1950ರ ದಶಕದಲ್ಲಿ ಅಮೀರಬಾಯಿಗೆ ಹಾಡುಗಳು ಕಡಿಮೆಯಾಗುತ್ತಾ ಬಂದು, ತಾಯಿ, ಅತ್ತೆಯಂಥ ಸಣ್ಣ ಪೋಷಕ ಪಾತ್ರಗಳು ಹೊಟ್ಟೆಪಾಡಿಗೆ ಒದಗಿದವು. ನಟಿಯಾಗಿ ತೊಡಗಿ ಗಾಯಕಿಯಾದವರು ಮತ್ತೆ ನಟಿಯಾಗಿ ಉಳಿದರು.

ಕನ್ನಡ ನಾಡಿನಿಂದ ಹೀಗೆ ತೆರೆಗೆ ಹೋದ ಹಾಡುಗಾರ್ತಿಯರು ಹಿಡಿದ ದಾರಿ ಒಂದೇ ಅಲ್ಲ. ಹುಬ್ಬಳ್ಳಿ ಬಳಿಯ ಅದರಗುಂಚಿಯ ಶಾಂತಾ ಹುಬಳೀಕರ ಪುಣೆಯ ಪ್ರಭಾತ್ ಸೇರಿ 1939ರ ‘ಮಾಣೂಸ್’ನಲ್ಲಿ, ಅದರ ಹಿಂದಿ ರೂಪ ‘ಆದ್ಮಿ’ಯಲ್ಲಿ ವೇಶ್ಯೆ ಮೈನಾಳ ಪಾತ್ರ ಮಾಡಿ ತಾವೇ ಹಾಡಿದರು. ಹಳೆಯ ಮೈಸೂರಿನ ದಾರಿ ದಕ್ಷಿಣಕ್ಕೆ ತಿರುಗಿತ್ತು. ಅದಕ್ಕೆ ಒಳ್ಳೆಯ ಉದಾಹರಣೆ ಬಿ. ಜಯಮ್ಮ. ಅವರು ಹುಟ್ಟಿದ್ದು 1915ರಲ್ಲಿ ಚಿಕ್ಕಮಗಳೂರಿನಲ್ಲಿ, ಜಿಲ್ಲೆಗೆ ಆಗ ಇದ್ದ ಹೆಸರು ಕಡೂರು. ಕಡೂರು, ಬೀರೂರು, ಅಜ್ಜಂಪುರ ಬೆಂಗಳೂರು–ಹುಬ್ಬಳ್ಳಿ ರೈಲುದಾರಿಯ ಮೇಲೆ, ತರೀಕೆರೆ ಬೀರೂರಿನಿಂದ ಶಿವಮೊಗ್ಗಕ್ಕೆ ಕವಲೊಡೆದ ದಾರಿಯ ಮೇಲೆ ಇದ್ದವು. ಪರದೆ, ಪೆಟ್ಟಿಗೆ, ತಗಡುಗಳನ್ನು ವ್ಯಾಗನ್ನಿಗೆ ತುಂಬಿಕೊಂಡು ಓಡಾಡುತ್ತಿದ್ದ ಕಂಪನಿಗಳಿಗೆ ಇಂಥ ಸ್ಟೇಷನ್ನಿನ ಊರುಗಳೇ ಅನುಕೂಲ.  

ಗುಬ್ಬಿ ಕಂಪನಿ ಸೇರಿದ ಜಯಮ್ಮ ಗುಬ್ಬಿ ವೀರಣ್ಣನವರ ಪತ್ನಿಯಾದರು, ಕಂಪನಿಯ ಮುಖ್ಯ ಗಾಯಕಿ-ನಟಿಯಾದರು. ‘ಸುಭದ್ರಾ’ (1941), ‘ಜೀವನ ನಾಟಕ’ (1942), ‘ಹೇಮರೆಡ್ಡಿ ಮಲ್ಲಮ್ಮ’ (1946) ಚಿತ್ರಗಳಿಂದ ಕನ್ನಡದಲ್ಲಿ ಹೆಸರಾದರು. 1945ರ ತೆಲುಗು ಚಿತ್ರ ‘ಸ್ವರ್ಗಸೀಮ’ದಲ್ಲಿ ನಾಗಯ್ಯ, ಭಾನುಮತಿಯವರೊಡನೆ ಕೈಬಿಟ್ಟ ಹೆಂಡತಿಯ ಪಾತ್ರ ವಹಿಸಿದರು. ಹಾಡುವುದರಲ್ಲಿ ಅವರದು ಕರ್ನಾಟಕ ಸಂಗೀತದ ನಡೆ, ದುಡಿಯುವ ಊರು ಮದ್ರಾಸು. ಅಮೀರಬಾಯಿಯದು ಹಿಂದೂಸ್ತಾನಿ ನಡೆ, ಊರು ಮುಂಬೈ. ಇಬ್ಬರೂ ಒಂದೇ ಕಾಲದವರು, ಕಂಪನಿ ನಾಟಕವನ್ನೇ ಬೆನ್ನಿಗಿಟ್ಟುಕೊಂಡವರು, ಒಂದೇ ಭಾಷೆಯವರು. ಆದರೂ ಒಬ್ಬರ ಹೆಸರು ಕನ್ನಡ ಚಿತ್ರಚರಿತ್ರೆಯ ಮೊದಲ ಅಧ್ಯಾಯದಲ್ಲೇ ಬರುತ್ತದೆ, ಇನ್ನೊಬ್ಬರದು ಬಹಳ ಕಾಲ ಅಡಿಟಿಪ್ಪಣಿಯಲ್ಲೂ ಬರಲಿಲ್ಲ. ಪ್ರಾಂತ್ಯಗಳ ಗಡಿಗೆರೆ ಕಲಾವಿದರ ನೆನಪನ್ನೂ ಪಾಲು ಮಾಡಿತ್ತು.

ಹಾಗೆಂದು ಅಮೀರಬಾಯಿ ತಮ್ಮ ಮೂಲವನ್ನು ಮುಚ್ಚಿಟ್ಟವರಲ್ಲ. ಅಂಬಾಲೆವಾಲಿ, ಬಡೋದೆಕರ, ಕೇರ್ಕರ ಎಂದು ಊರನ್ನೇ ಅಡ್ಡಹೆಸರು ಮಾಡಿಕೊಳ್ಳುವುದು ಗಾಯಕಿಯರ ರೂಢಿ. ಅಕ್ಕತಂಗಿಯರಿಬ್ಬರೂ ಊರಿನ ಬದಲು ನಾಡಿನ ಹೆಸರನ್ನೇ ಇಟ್ಟುಕೊಂಡರು. ಆಗ ಆ ಹೆಸರಿನ ರಾಜ್ಯವಿರಲಿಲ್ಲ. ಏಕೀಕರಣವಾದದ್ದು 1956ರಲ್ಲಿ, ಮೈಸೂರು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಟ್ಟದ್ದು 1973ರಲ್ಲಿ. ಅಷ್ಟರಲ್ಲಿ ಇಬ್ಬರೂ ತೀರಿಕೊಂಡಿದ್ದರು.

ಗಳಿಕೆಯ ದಿನಗಳಲ್ಲಿ ಅಮೀರಬಾಯಿ ತವರು ಜಿಲ್ಲೆಯನ್ನು ಮರೆಯಲಿಲ್ಲ. ಬಿಜಾಪುರದಲ್ಲಿ ಅವರ ಹೆಸರಿನ ‘ಅಮೀರ್ ಟಾಕೀಸ್’ ತಲೆಯೆತ್ತಿತು, ಕುಟುಂಬದವರು ಅದನ್ನು ನಡೆಸಿಕೊಂಡು ಬಂದರು. ಆ ಊರಿನ ಎರಡು ಮೂರು ತಲೆಮಾರಿಗೆ ಅಮೀರ್ ಎಂದರೆ ಮೊದಲು ನೆನಪಾಗುವುದು ಟಾಕೀಸು, ಆಮೇಲೆ ಗಾಯಕಿ. 1965ರಲ್ಲಿ ಅವರಿಗೆ ಪಾರ್ಶ್ವವಾಯು ಬಡಿಯಿತು. ನಾಲ್ಕೇ ದಿನಗಳಲ್ಲಿ, ಮಾರ್ಚ್ 3ರಂದು, ಕೊನೆಯುಸಿರೆಳೆದರು. ದಫನ ನಡೆದದ್ದು ಬಿಜಾಪುರ ಜಿಲ್ಲೆಯ ಮಣ್ಣಿನಲ್ಲೇ.

ಕನ್ನಡದಲ್ಲಿ ಅವರ ಬದುಕನ್ನು ಪುಸ್ತಕವಾಗಿಸಿದವರು ಬಿಜಾಪುರದವರಲ್ಲ, ಮುಂಬೈಯವರೂ ಅಲ್ಲ. ತರೀಕೆರೆ ತಾಲೂಕಿನ ಸಮತಳದಲ್ಲಿ 1959ರಲ್ಲಿ ಹುಟ್ಟಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ರಹಮತ್ ತರೀಕೆರೆ. ಸೂಫಿಗಳನ್ನೂ ನಾಥಪಂಥವನ್ನೂ ಹುಡುಕಿಕೊಂಡು ಕರ್ನಾಟಕದ ಊರೂರು ಅಲೆದವರು, ‘ಕತ್ತಿಯಂಚಿನ ದಾರಿ’ ಕೃತಿಗೆ 2010ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರು. ಪುಸ್ತಕದಲ್ಲಿ ಓದಿ ಮುಗಿಸದೆ ಊರಿಗೆ ಹೋಗಿ ವಿಚಾರಿಸುವುದು ಅವರ ಬರವಣಿಗೆಯ ಕ್ರಮ. ‘ಅಮೀರಬಾಯಿ ಕರ್ನಾಟಕಿ’ ಕೃತಿಯಲ್ಲಿ ಗಾಯಕಿಯ ಜೊತೆಜೊತೆಗೆ ವೃತ್ತಿರಂಗಭೂಮಿಯ ಹೆಣ್ಣುಮಕ್ಕಳ ಲೋಕವನ್ನೂ ಅವರು ಕಟ್ಟಿಕೊಟ್ಟಿದ್ದಾರೆ. ನಾಥರ ಬೆನ್ನು ಹತ್ತಿದವರಿಗೆ ‘ಭರ್ತೃಹರಿ’ ಚಿತ್ರದ ಭಿಕ್ಷೆಯ ಹಾಡು ಬರಿಯ ಸಿನಿಮಾ ಹಾಡಾಗಿ ಕೇಳಿಸಲಾರದು. ಗೋರಖನಾಥನ ಶಿಷ್ಯನಾದ ಆ ರಾಜನ ಕತೆ ಜೋಗಿಗಳ ಕಿನ್ನರಿಯ ಮೇಲೆ ದೇಶ ಸುತ್ತಿದ್ದು.

ಅಮೀರಬಾಯಿಯ ಹಾಡುಗಳಲ್ಲಿ ದೊಡ್ಡ ಪಾಲು ತಟ್ಟೆ ಸಂಗ್ರಾಹಕರಿಂದಾಗಿ ಉಳಿದು ಈಗ ಮೊಬೈಲಿನಲ್ಲೇ ಸಿಗುತ್ತದೆ. ಹೊಸದಾಗಿ ಕೇಳುವವರು ‘ಕಿಸ್ಮತ್’ನ ವೃಂದಗೀತೆಯಿಂದ ತೊಡಗುವುದು ವಾಡಿಕೆ. ಅದಕ್ಕಿಂತ ದೀಪಾವಳಿಯ ಹಾಡಿನಿಂದ ತೊಡಗುವುದು ಒಳ್ಳೆಯದು, ಅಲ್ಲಿ ದನಿಯ ಏರಿಳಿತ ಚೆನ್ನಾಗಿ ಕಾಣುತ್ತದೆ. ಅದರ ಬೆನ್ನಿಗೆ ‘ಭರ್ತೃಹರಿ’ಯ ಯುಗಳಗೀತೆ, ಆಮೇಲೆ ‘ರಾಣಕದೇವಿ’ಯ ಗುಜರಾತಿ ಹಾಡು. ‘ಶಹನಾಯಿ’ಯ ಕುಣಿತದ ಹಾಡನ್ನು ಕೊನೆಗಿಟ್ಟುಕೊಂಡರೂ ನಷ್ಟವಿಲ್ಲ.